ಬೀಗದ ಕೈ ಯಾರಿಗೆ?

"ಒಸಿ ಆ ಬೀಗದ ಕೈ ಕೊಡವ್ವ," ಎಂದರು ಲತಾಮಣಿ.

ಸಾನಾ ಭಿನ್ನರಾಶಿ ಲೆಕ್ಕದಿಂದ ತಲೆಯೆತ್ತಿದಳು. ಬೀಗದ ಕೈ ಪಕ್ಕದಲ್ಲೇ ಮೊಳೆಗೆ ನೇತಾಡುತ್ತಿತ್ತು. ಕೈ ಚಾಚಿದಳು.

"ಏಯ್ ಸಾನಾ! ಕೊಡಬ್ಯಾಡ!"

ಕೂಗಿದ್ದು ಹಳೇ ಕೆಲಸಗಾರ್ತಿ ಗಂಗಲಕ್ಷ್ಮಮ್ಮ. ಅವರದು ಗಂಟಲೆಂದರೆ ಗಂಟಲು. ಮರ ಕಡೆಯುವ ಏಳು ಲೇತ್ ಮಷೀನು ಒಟ್ಟಿಗೆ ತಿರುಗುತ್ತಿದ್ದರೂ ಬೀದಿಯವರೆಗೆ ಕೇಳಿಸುತ್ತದೆ. ಸಾನಾಳ ಕೈ ಅರ್ಧದಲ್ಲೇ ನಿಂತುಬಿಟ್ಟಿತು.

ಚನ್ನಪಟ್ಟಣದ ಆ ಗೊಂಬೆ ಕಾರ್ಖಾನೆಯಲ್ಲಿ ಸಾನಾಳ ಅಮ್ಮಿ ಶರ್ಫುನ್ನೀಸಾ ಕೆಲಸ ಮಾಡುತ್ತಿದ್ದರು. ಸ್ಕೂಲ್ ಬಿಟ್ಟ ಮೇಲೆ ಸಾನಾ ಅಲ್ಲಿಗೇ ಬಂದು ಹೋಮ್‌ವರ್ಕ್ ಮಾಡುತ್ತಾ ಕೂರುತ್ತಿದ್ದಳು. ಹೆಂಗಸರ ಕೈತುಂಬ ಅರಗಿನ ಬಣ್ಣ. ಹಾಗಾಗಿ ಹಿತ್ತಲಿನ ಲೇಡೀಸ್ ಟಾಯ್ಲೆಟ್ಟಿನ ಬೀಗದ ಕೈ ತೆಗೆದುಕೊಡುವ ಕೆಲಸ ಅವಳ ಪಾಲಿಗೆ ಬಂದಿತ್ತು.

ಅಲ್ಲಿಗೆ ಯಾರೂ ಒಬ್ಬರೇ ಹೋಗುತ್ತಿರಲಿಲ್ಲ. ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಬಾಗಿಲ ಹೊರಗೆ ಕಾವಲು. ಒಳಗಿನ ಚಿಲಕ ಕಿತ್ತುಹೋಗಿ ಆರು ತಿಂಗಳಾಗಿತ್ತು.

ಲತಾಮಣಿ ಕೆಲಸಕ್ಕೆ ಸೇರಿ ನಾಲ್ಕೇ ದಿನ. ಅವರು ಹುಟ್ಟಿದಾಗ ಎಲ್ಲರೂ ಗಂಡುಮಗು ಅಂದಿದ್ದರಂತೆ. ಬೆಳೆಯುತ್ತಾ ಬೆಳೆಯುತ್ತಾ, ತಾನು ಹೆಣ್ಣು ಅಂತ ಅವರಿಗೆ ಗೊತ್ತಾಯಿತಂತೆ. ಈಗ ಹೆಣ್ಣಾಗಿಯೇ ಬದುಕುತ್ತಿದ್ದಾರೆ. ಅಮ್ಮಿ ಸಾನಾಳಿಗೆ ಇಷ್ಟು ಹೇಳಿ, "ಮುಖಾನೇ ನೋಡ್ತಾ ನಿಂತ್ಕೋಬೇಡ, ನಮಸ್ತೆ ಹೇಳು" ಎಂದಿದ್ದರು.

"ಯಾಕಕ್ಕಾ ಬ್ಯಾಡ ಅಂತೀರಿ?" ಲತಾಮಣಿ ಮೆಲ್ಲಗೆ ಕೇಳಿದರು.

"ಬೋರ್ಡ್ ಓದು. ಹೆಂಗಸರಿಗೆ ಮಾತ್ರ ಅಂತ ಐತೆ."

"ನಾನೂ ಹೆಂಗಸೇ ಕಣಕ್ಕಾ. ಹಂಗಂತ ಸರ್ಕಾರ ಕೊಟ್ಟ ಕಾರ್ಡೂ ಐತೆ."

"ಕಾರ್ಡ್ ನೀನೇ ಇಟ್ಕೋ. ನಿನ್ ಮ್ಯಾಲೆ ನಂಗೇನೂ ಸಿಟ್ಟಿಲ್ಲ. ಆ ಜಾಗ ಮಾತ್ರ ಕೇಳ್ಬ್ಯಾಡ."

ಗಲಾಟೆ ಕೇಳಿ ಮಾಲೀಕ ಹುಸೇನ್ ಆಫೀಸ್ ರೂಮಿನಿಂದ ಹೊರಗೆ ಬಂದರು. ಜಗಳ ಅಂದರೆ ಅವರಿಗೆ ತಲೆನೋವು.

"ನೋಡ್ರಮ್ಮಾ, ಹೆಂಗಸರಿಗೆ ಬೇರೆ ಟಾಯ್ಲೆಟ್ ಇರ್ಬೇಕು ಅಂತ ಒಂದು ಕಾನೂನು. ಇವರಿಗೆ ಕೆಲಸದ ಜಾಗದಲ್ಲಿ ಭೇದ ಮಾಡ್ಬಾರ್ದು ಅಂತ ಇನ್ನೊಂದು ಕಾನೂನು. ಎರಡೂ ಸರ್ಕಾರದ್ದೇ. ನಾನ್ ಯಾವ್ದನ್ನ ಹಿಡ್ಕೊಳ್ಳಲಿ?"

"ನೀವು ಮೊದ್ಲು ಚಿಲಕ ಹಿಡ್ಕೊಂಡು ಬನ್ನಿ ಹುಸೇನ್ ಭಾಯ್," ಎಂದರು ಅಮ್ಮಿ.

"ನಾಳೆ, ನಾಳೆ," ಎನ್ನುತ್ತಾ ಹುಸೇನ್ ವಾಪಸ್ ಆಫೀಸ್ ರೂಮು ಸೇರಿಕೊಂಡರು.

ಲತಾಮಣಿ ತಮ್ಮ ಮಷೀನಿಗೆ ಹೋಗಿ ಕೂತರು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ, ಉಜ್ಜಿದ ಬಿಸಿಗೇ ಅದು ಕರಗಿ ಬಣ್ಣ ಹತ್ತುತ್ತದೆ. ಆ ಸೆಕೆಯಲ್ಲಿ ಎಲ್ಲರೂ ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದರು. ಟೀ ಬಂತು. ಲತಾಮಣಿ ಮಾತ್ರ ಬೇಡ ಎಂದರು.

"ಟೀ ಯಾಕೆ ಬೇಡ ಲತಕ್ಕ?" ಸಾನಾ ಕೇಳಿದಳು.

"ಕುಡಿದ್ರೆ ಹೋಗ್ಬೇಕಾಯ್ತದಲ್ಲ ಪುಟ್ಟಿ."

"ನೀರು?"

"ಬೆಳಿಗ್ಗೆ ಮನೇಲಿ ಕುಡ್ದೆ. ಇನ್ನು ರಾತ್ರಿಗೆ. ಮೂರು ದಿನದಿಂದ ಹಿಂಗೇ."

ಹೋದ ವರ್ಷ ಸ್ಕೂಲಿನಲ್ಲಿ ಹುಡುಗಿಯರ ಟಾಯ್ಲೆಟ್ಟಿನ ಬಾಗಿಲು ಮುರಿದಿದ್ದಾಗ ಸಾನಾಳೂ ಹೀಗೇ ಮಾಡಿದ್ದಳು. ವಾಟರ್ ಬಾಟಲ್ ತುಂಬಿದ್ದು ತುಂಬಿದ ಹಾಗೇ ಮನೆಗೆ ವಾಪಸ್. ಕೊನೇ ಪೀರಿಯಡ್ಡಿನಲ್ಲಿ ಕಾಲು ಒತ್ತಿಕೊಂಡು ಕೂತರೆ ಟೀಚರ್ ಹೇಳಿದ್ದು ಒಂದಕ್ಷರವೂ ತಲೆಗೆ ಹೋಗುತ್ತಿರಲಿಲ್ಲ. ಆಮೇಲೆ ಉರಿಮೂತ್ರ ಶುರುವಾಗಿ ಡಾಕ್ಟರ ಹತ್ತಿರ ಹೋಗಬೇಕಾಯಿತು.

ಅವಳು ಎದ್ದು ಬೀಗದ ಕೈ ತೆಗೆದಳು.

"ಬನ್ನಿ ಲತಕ್ಕ. ನಾನ್ ಬಾಗಿಲಲ್ಲಿ ನಿಂತ್ಕೋತೀನಿ."

ಮಷೀನುಗಳು ಒಂದೊಂದಾಗಿ ನಿಂತವು.

"ಯಾರನ್ನ ಕೇಳಿ ತಗೊಂಡೆ?" ಅಮ್ಮಿ ಗದರಿದರು.

"ಅವರು ನೀರೇ ಕುಡೀತಿಲ್ಲ ಅಮ್ಮಿ! ಮೂರು ದಿನದಿಂದ!"

ಗಂಗಲಕ್ಷ್ಮಮ್ಮ ಎದ್ದು ಬಂದರು. ಏಟು ಬಿತ್ತು ಅಂತಲೇ ಸಾನಾ ಅಂದುಕೊಂಡಳು. ಆದರೆ ಅವರ ದನಿ ಮೆತ್ತಗಿತ್ತು.

"ಮೊದ್ಲು ನನ್ ಮಗಳೂ ಇಲ್ಲೇ ಕೆಲಸ ಮಾಡ್ತಿದ್ಲು ಕಣವ್ವ. ಆಗ ಬೀಗ ಇರ್ಲಿಲ್ಲ. ಹಿಂದಿನ ಗಲ್ಲೀಲಿ ಗಂಡಸರು ನಿಂತ್ಕೊಂಡು ಕಿಟಕೀಲಿ ಇಣುಕೋರು. ಒಂದಿನ ಒಬ್ಬ ಬಾಗಿಲನ್ನೇ ನೂಕ್ಬುಟ್ಟ. ಅವತ್ತು ಮನೆಗೆ ಹೋದೋಳು ತಿರುಗಿ ಕೆಲಸಕ್ಕೇ ಬರ್ಲಿಲ್ಲ. ಆ ಬೀಗ, ಆ ಬೋರ್ಡು ಸುಮ್ನೆ ಬಂದಿದ್ದಲ್ಲ. ನಾನೂ ನಿಮ್ಮಮ್ಮೀನೂ ಒಂದು ವರ್ಷ ಅಲೆದು ಹಾಕ್ಸಿದ್ದು. ಇವತ್ತು ಒಬ್ರಿಗೆ ತೆಗೆದ್ರೆ, ನಾಳೆ ಯಾರ್ ಬತ್ತಾರೋ ಯಾರಿಗೆ ಗೊತ್ತು?"

ಸಾನಾಳಿಗೆ ಇದು ಗೊತ್ತೇ ಇರಲಿಲ್ಲ. ಗಂಗಲಕ್ಷ್ಮಮ್ಮ ಹೇಳಿದ್ದೂ ಸರಿ. ಲತಕ್ಕ ಬಾಯಾರಿ ಕೂತಿರುವುದೂ ನಿಜ. ಈಗ ಬೀಗದ ಕೈ ಯಾರಿಗೆ ಕೊಡುವುದು? ಇದಕ್ಕಿಂತ ಭಿನ್ನರಾಶಿಯೇ ವಾಸಿ ಅನ್ನಿಸಿ ಅವಳಿಗೆ ಅಳು ಬಂತು.

"ಬುಡು ಪುಟ್ಟಿ, ಅಳ್ಬ್ಯಾಡ," ಎಂದರು ಲತಾಮಣಿ. "ನಾಳೆಯಿಂದ ನಾನೇ ಬರಲ್ಲ."

"ಗಂಡಸರ ಕಡೆ ಐತಲ್ಲ," ಎಂದರು ಗಂಗಲಕ್ಷ್ಮಮ್ಮ.

"ಮೊದಲ್ನೇ ದಿನ ಅಲ್ಲಿಗೇ ಹೋದೆ ಕಣಕ್ಕಾ. ನಾನ್ ಒಳಗಿದ್ದಾಗಲೇ ಬಾಗಿಲು ನೂಕುದ್ರು. ಆಚೆ ಬಂದ್ರೆ ನಾಲ್ಕು ಜನ ನಗ್ತಾ ನಿಂತವ್ರೆ. ಸತ್ರೂ ಇನ್ನು ಅಲ್ಲಿಗೆ ಹೋಗಲ್ಲ."

"ಯಾರು?"

"ಇಲ್ಲಿಯೋರಲ್ಲ. ಹಿಂದಿನ ಗಲ್ಲಿಯಿಂದ ಬಂದೋರು."

ಗಂಗಲಕ್ಷ್ಮಮ್ಮ ತಿರುಗಿ ಹಿಂದಿನ ಗಲ್ಲಿಯ ಕಡೆ ನೋಡಿದರು. ಆಮೇಲೆ ಸಾನಾಳ ಕೈಯಿಂದ ಬೀಗದ ಕೈ ಕಿತ್ತುಕೊಂಡರು. ಎಲ್ಲ ಮುಗಿಯಿತು ಅಂದುಕೊಂಡಳು ಸಾನಾ.

"ನೀನ್ ಹೋಗಿ ಲೆಕ್ಕ ಮಾಡು. ಅದೇನ್ ಮಕ್ಕಳು ನಿಲ್ಲೋ ಜಾಗವಾ?" ಎಂದು ಗದರಿ, ಲತಾಮಣಿಯ ಕಡೆ ತಿರುಗಿದರು. "ನಡಿ. ನಾನ್ ನಿಂತ್ಕೋತೀನಿ. ಶರ್ಫುನ್ನೀಸಾ, ಚಿಲಕ ಬರೋಗಂಟ ನಾಳೆ ಯಾರೂ ಮಷೀನ್ ಮುಟ್ಟಾಕಿಲ್ಲ ಅಂತ ಹುಸೇನಣ್ಣಂಗೆ ಹೇಳ್ಬುಡು."

"ಈಗಲೇ ಹೇಳ್ತೀನಿ," ಎಂದು ಅಮ್ಮಿ ಎದ್ದರು.

ಸಾನಾ ಹಿತ್ತಲ ಬಾಗಿಲಿನಿಂದ ಇಣುಕಿದಳು. ಗಂಗಲಕ್ಷ್ಮಮ್ಮ ಟಾಯ್ಲೆಟ್ಟಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದರು. ಗಲ್ಲಿಯಲ್ಲಿ ಒಬ್ಬ ಸುಮ್ಮನೆ ಹಾದು ಹೋದ. ಅವನು ಮೂಲೆ ತಿರುಗುವವರೆಗೂ ಅವನನ್ನೇ ನೋಡಿದರು.

ಲತಾಮಣಿ ಹೊರಗೆ ಬಂದು ಕೈ ತೊಳೆದರು. ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ.

ಒಳಗೆ ಬರುವಾಗ ಗಂಗಲಕ್ಷ್ಮಮ್ಮ ಸಿಡುಕುತ್ತಲೇ ಹೇಳಿದರು, "ನಂಗಿನ್ನೂ ಒಗ್ಗಿಲ್ಲ. ಟೈಂ ಬೇಕು. ಆದ್ರೆ ಒಬ್ಬಳೇ ಮಾತ್ರ ಹೋಗ್ಬ್ಯಾಡ. ಹೋಗೋವಾಗ ಯಾರ್ನಾರಾ ಕೂಗು. ಕೇಳುಸ್ತಾ?"

'ಒಬ್ಬಳೇ ಹೋಗ್ಬ್ಯಾಡ' ಎಂಬ ಮಾತನ್ನು ಸಾನಾ ಎಷ್ಟು ಸಲ ಕೇಳಿದ್ದಳೋ! ಅಮ್ಮಿಗೆ ಹೇಳುತ್ತಿದ್ದರು. ಹೊಸದಾಗಿ ಸೇರಿದ ಹುಡುಗಿಯರಿಗೆ ಹೇಳುತ್ತಿದ್ದರು. ಸಾನಾಳಿಗಂತೂ ಹೇಳಿ ಹೇಳಿ ಬೇಜಾರು ಹಿಡಿಸಿದ್ದರು. ಇದೇ ಮಾತು, ಇದೇ ಸಿಡುಕು. ಗಂಡಸರಿಗೆ ಒಂದು ದಿನವೂ ಹೇಳಿದ್ದಿಲ್ಲ.

ಸಾನಾ ಬೇಗನೆ ತಲೆ ತಗ್ಗಿಸಿ ನೋಟ್‌ಬುಕ್ ನೋಡತೊಡಗಿದಳು. ತನಗೆ ನಗು ಬಂದದ್ದು ಗಂಗಲಕ್ಷ್ಮಮ್ಮನಿಗೆ ಕಾಣಬಾರದಲ್ಲ.