ರುಸಿಂಗಾದಲ್ಲಿ ಇಳಿಯದ ವಿಮಾನ

"ಫುಂಡಿ ಇದ್ದಾರಾ?"

ಬೆಸುಗೆ ಹಾಕುತ್ತಿದ್ದ ಅವೂರಳ ಕೈ ತಟ್ಟನೆ ನಿಂತಿತು. ಕಿಸುಮು ಪಟ್ಟಣದಲ್ಲಿ ರಿಪೇರಿಯವರನ್ನು ಎಲ್ಲರೂ ಕರೆಯುವುದು ಹಾಗೆಯೇ. ಆದರೆ ಈ ದನಿ... ಎಂಟು ವರ್ಷಗಳಾದರೂ ಅವಳು ಮರೆಯದ ದನಿ.

ಹೊಸ ಕಂಪ್ಯೂಟರೊಂದನ್ನು ಎದೆಗಾನಿಸಿಕೊಂಡು ಒಮೊಲ್ಲೊ ಬಾಗಿಲಲ್ಲಿ ನಿಂತಿದ್ದ.

ಅವನು ಬಹುವಚನದಲ್ಲಿ ಮಾತಾಡಿದ. ರುಸಿಂಗಾ ದ್ವೀಪದ ಶಾಲೆಯಲ್ಲಿ ಈಗ ಮೇಷ್ಟ್ರಂತೆ. ಮಕ್ಕಳಿಗೆ ತೋರಿಸಲು ಹಳೆಯ ಫ್ಲೈಟ್ ಸಿಮ್ಯುಲೇಟರ್ ಹಾಕಿದರೆ ಈ ಯಂತ್ರದಲ್ಲಿ ಹುಚ್ಚುಹುಚ್ಚಾಗಿ ಓಡುತ್ತದಂತೆ. ಇಂಥದ್ದನ್ನು ಸರಿಮಾಡುವವರು ಊರಿನಲ್ಲಿ ನೀವೊಬ್ಬರೇ ಎಂದರಂತೆ.

'ನೀವು' ಎಂಬ ಆ ಒಂದು ಪದ ಅವಳನ್ನು ಚುಚ್ಚಿತು.

ಪಾಲಿಟೆಕ್ನಿಕ್‌ನ ಶನಿವಾರಗಳು ನೆನಪಾದವು. ಪ್ರಯೋಗಾಲಯದ ಒಂದೇ ಕಂಪ್ಯೂಟರ್, ಅದರ ಮುಂದೆ ತಾಗಿಕೊಂಡ ಎರಡು ತಲೆಗಳು. ಹಸಿರು ಚೌಕಗಳೇ ಹೊಲ, ಅಲೆಯಿಲ್ಲದ ನೀಲಿಯೇ ಸರೋವರ. ಚುಕ್ಕಾಣಿ ಅವನದು, ವೇಗ ಅವಳದು. ನೆಲ ಹತ್ತಿರವಾದಾಗ ಇಬ್ಬರೂ ಉಸಿರು ಬಿಗಿಹಿಡಿಯುತ್ತಿದ್ದರು...

ಅವಳು ಅವನು ತಂದಿದ್ದ ಡಿಸ್ಕ್ ಹಾಕಿದಳು. ಅದರಲ್ಲಿ ಉಳಿಸಿಟ್ಟ ಹಾರಾಟ ಒಂದೇ ಒಂದು. ವಿಮಾನ ತಾನಾಗಿ ಮೇಲೇರಿತು. ಮರುಕ್ಷಣ ಪರದೆಯ ಮೇಲಿನ ಗಡಿಯಾರದ ಮುಳ್ಳು ನೆಗೆಯಿತು, ರೆಕ್ಕೆ ವಾಲಿತು, ವಿಮಾನ ನೇರವಾಗಿ ಸರೋವರಕ್ಕೆ ಬಿತ್ತು.

"ಎಂಟು ವರ್ಷದ ಹಿಂದೆ ನನಗೆ ಕಳಿಸಿದ್ದು ಈ ಡಿಸ್ಕನ್ನೇ ಅಲ್ವಾ?" ಅವಳು ಅವನತ್ತ ತಿರುಗಿದಳು. "ನನ್ನನ್ನ ದೂರ ಮಾಡೋಕೆ ಮುಳುಗೋ ವಿಮಾನ ಯಾಕೆ ಬೇಕಿತ್ತು? ಬಾಯಲ್ಲೇ ಹೇಳಬಹುದಿತ್ತು."

ಒಮೊಲ್ಲೊ ಬೆರಗಾಗಿ ನೋಡಿದ. "ಆಗಲೂ ಮುಳುಗ್ತಾ? ನೀನು ಯಾವ ಕಂಪ್ಯೂಟರಲ್ಲಿ ನೋಡಿದ್ದು?"

"ಅಣ್ಣ ಆಗಷ್ಟೇ ತಂದಿದ್ದ ಹೊಸದರಲ್ಲಿ. ಎರಡು ಕೋರ್..."

ಅಷ್ಟರಲ್ಲಿ ಅವಳಿಗೇ ಹೊಳೆಯಿತು.

ಆ ಸಿಮ್ಯುಲೇಟರ್ ಬರೆದ ಕಾಲದಲ್ಲಿ ಪ್ರೊಸೆಸರಿಗೆ ಇದ್ದದ್ದು ಲೆಕ್ಕ ಮಾಡುವ ಒಂದೇ ಘಟಕ, ಅಂದರೆ ಒಂದೇ ಕೋರ್, ಒಂದೇ ಗಡಿಯಾರ. ಹೊಸ ಆಪರೇಟಿಂಗ್ ಸಿಸ್ಟಂ ಅದನ್ನು ಒಂದು ಕೋರ್‌ನಿಂದ ಇನ್ನೊಂದಕ್ಕೆ ಎತ್ತಿಹಾಕುತ್ತಲೇ ಇರುತ್ತದೆ. ಎರಡು ಗಡಿಯಾರಗಳ ಎಣಿಕೆ ಕೂಡದಿದ್ದರೆ, ಕಾಲವೇ ಹಾರಿಹೋಯಿತೆಂದು ಅದು ತಿಳಿಯುತ್ತದೆ. ಇದೆಲ್ಲ ಅವೂರಳಿಗೆ ಇಂದು ಬಾಯಿಪಾಠ. ಇಪ್ಪತ್ತರ ವಯಸ್ಸಿನಲ್ಲಿ ಗೊತ್ತಿರಲಿಲ್ಲ.

'ದೇವರೇ... ತಪ್ಪು ಅವನದಾಗಿರಲಿಲ್ಲವೇ?'

ಅವಳು ಸಿಮ್ಯುಲೇಟರನ್ನು ಒಂದೇ ಕೋರ್‌ಗೆ ಕಟ್ಟಿಹಾಕಿದಳು. ಹಳೆಯ ಸಿಸ್ಟಂನಂತೆ ನಡೆಯುವ ಹೊಂದಾಣಿಕೆಯನ್ನೂ ಕೊಟ್ಟು ಹಾರಾಟವನ್ನು ಮೊದಲಿನಿಂದ ಆರಂಭಿಸಿದಳು.

ಈ ಸಲ ವಿಮಾನ ಸಾವಕಾಶವಾಗಿ ಏರಿತು. ಅವನು ಏನೋ ಹೇಳಲು ಬಾಯಿ ತೆರೆದ. ಅವಳು ಕೈಯೆತ್ತಿ ತಡೆದಳು. ಇಪ್ಪತ್ತೆರಡು ನಿಮಿಷ ಇಬ್ಬರೂ ಪರದೆಯನ್ನೇ ನೋಡಿದರು. ತರಿಸಿದ್ದ ಚಹಾ ಆರಿತು. ಸರೋವರ ಮುಗಿದು ರುಸಿಂಗಾದ ಮಣ್ಣಿನ ಓಡುದಾರಿ ಕಂಡಿತು. ಚಕ್ರ ನೆಲ ಮುಟ್ಟುತ್ತಲೇ ಪರದೆಯ ಮೇಲೆ ಹಳದಿ ಅಕ್ಷರಗಳು ಮೂಡಿದವು.

'ಅವೂರ್, ನನ್ನ ಮದುವೆ ಆಗ್ತೀಯಾ? ಬೇಡ ಅನಿಸಿದ್ರೆ ಡಿಸ್ಕ್ ವಾಪಸ್ ಕಳಿಸು, ಸಾಕು. ನಾನು ಕಾರಣ ಕೇಳಲ್ಲ.'

ಅಂದು ಡಿಸ್ಕ್ ಸಿಕ್ಕ ಮರುದಿನವೇ ಅವಳು ಅದನ್ನು ಹಿಂದಿರುಗಿಸಿದ್ದಳು, ಒಂದು ಮಾತೂ ಆಡದೆ. ಅವನು ಕಾರಣ ಕೇಳಿರಲಿಲ್ಲ.

"ನಾನು ಬೇಡ ಅನ್ನಲಿಲ್ಲ, ಒಮೊಲ್ಲೊ..." ಕಣ್ಣೀರು ತಡೆಯಲಾಗಲಿಲ್ಲ. "ನಾನು ಇಲ್ಲೀತನಕ ಬರಲೇ ಇಲ್ಲ."

"ತಪ್ಪು ನಂದೇ. ಕೇಳೋಕೆ ಧೈರ್ಯ ಇರ್ಲಿಲ್ಲ, ಯಂತ್ರದ ಕೈಲಿ ಕೇಳಿಸ್ದೆ."

ಅವಳು ಕಣ್ಣೊರೆಸಿಕೊಂಡು, ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದಳು. ತಾನು, ಒಂದು ಬೆಕ್ಕು, ತಿದ್ದಬೇಕಾದ ಉತ್ತರಪತ್ರಿಕೆಗಳ ಕಟ್ಟುಗಳು ಎಂದ. ಅವಳಿಗೆ ಅಳುವಿನ ನಡುವೆಯೂ ನಗು ಬಂತು. ಬೆಕ್ಕಿಲ್ಲ ಎಂಬುದನ್ನು ಬಿಟ್ಟರೆ ಅವಳ ಮನೆಯೂ ಹಾಗೆಯೇ ಬರಿದಾಗಿತ್ತು.

"ದೊಡ್ಡವರನ್ನ ಕರ್ಕೊಂಡು ನಿಮ್ಮಮ್ಮನ ಹತ್ರ ಅಯಿಯೆಗೆ ಬರ್ಲಾ?"

ಅವರಿಬ್ಬರ ಲುವೊ ಜನರಲ್ಲಿ ಹೆಣ್ಣು ಕೇಳಲು ಹೋಗುವ ದಿನಕ್ಕೆ ಹೆಣ್ಣಿನ ಉತ್ತರದ್ದೇ ಹೆಸರು. ಅಯಿಯೆ ಎಂದರೆ 'ಒಪ್ಪಿದೆ'.

"ಮೇಷ್ಟ್ರೇ, ಆ ಮಾತು ಹೇಳ್ಬೇಕಾದವಳು ನಾನು. ಮೊದಲು ನೀನು ನೆಟ್ಟಗೆ ಕೇಳು."

ಅವನು ಬೆಸುಗೆಯಿಂದ ಕಲೆಯಾದ ಅವಳ ಬೆರಳುಗಳನ್ನು ಹಿಡಿದುಕೊಂಡ. "ನನ್ನ ಮದುವೆ ಆಗ್ತೀಯಾ, ಅವೂರ್?"

"ಅಯಿಯೆ."