ಒಂಟಿ ಕಾಲಿನ ಎಣಿಕೆ

“ಹಲೋ, ನಾನಪ್ಪ, ನರ್ಸಮ್ಮ. ಮಾತ್ರೆ ತಗೊಂಡ್ರಾ, ಇಲ್ಲ ಇವತ್ತೂ ಮಾತ್ರೆಗೆ ರಜಾನಾ?”

ದನಿ ನರ್ಸಮ್ಮನದೇ. ಮೂಗಿನಲ್ಲಿ ಶುರುವಾಗಿ ಗಂಟಲಿನಲ್ಲಿ ಮುಗಿಯುವ ಅದೇ ದನಿ, ಪ್ರಶ್ನೆಯ ಬಾಲವನ್ನು ಕೊಂಚ ಮೇಲೆತ್ತುವ ಅದೇ ರಾಗ. ಆದರೆ ಕುರ್ಚಿಯಲ್ಲಿ ಕೂತು ಕಾಲು ಆಡಿಸುತ್ತಿದ್ದವಳು ನರ್ಸಮ್ಮ ಅಲ್ಲ. ನರ್ಸಮ್ಮನ ಮಗಳು, ಐದನೇ ಕ್ಲಾಸಿನವಳು. ಶಾಲೆಯಲ್ಲಿ ಅವಳ ಹೆಸರು ರೇಡಿಯೋ. ಆಫ್ ಮಾಡಿದರೂ ಹಾಡುತ್ತಾಳೆ ಎಂದು ಕ್ಲಾಸ್ ಟೀಚರೇ ಇಟ್ಟ ಹೆಸರು. ಟೀಚರ್ ಹಾಗೆ ಬೈದದ್ದನ್ನು ಟೀಚರ್ ದನಿಯಲ್ಲೇ ಬೈದು ತೋರಿಸಿ, ಅವಳು ಆ ಹೆಸರನ್ನು ಖಾಯಂ ಮಾಡಿಕೊಂಡಿದ್ದಳು.

ಫೋನು ಇನ್ನೂ ಯಾರಿಗೂ ಹೋಗಿರಲಿಲ್ಲ. ಇದು ಬರೀ ರಿಹರ್ಸಲ್.

“ಪರವಾಗಿಲ್ಲ. ಆಂಟಿನೇ ಮಾತಾಡಿದ ಹಾಗಿತ್ತು,” ಎಂದಳು ಪಕ್ಕದ ಮನೆಯ ಗೆಳತಿ. ನಕ್ಕರೆ ಬಿಕ್ಕಳಿಕೆ ಬರುತ್ತಿದ್ದುದರಿಂದ ಇವಳನ್ನು ಎಲ್ಲರೂ ಬಿಕ್ಕು ಎನ್ನುತ್ತಿದ್ದರು. “ಆದ್ರೆ ನಾನು ನಂಬಿದ್ರೆ ಏನು ಬಂತು? ದೊಡ್ಡೋರು ನಂಬಬೇಕು.”

“ಯಾರು ಬೇಕು ಹೇಳು. ಊರಲ್ಲಿ ಯಾರನ್ನಾದ್ರೂ ನಂಬಿಸ್ತೀನಿ.”

ಬಿಕ್ಕು ಕಿಟಕಿಯಿಂದ ಕೆಳಗೆ ನೋಡಿದಳು. ರಸ್ತೆಯ ಆಚೆ ಬದಿಗೆ ಟೈಲರ್ ತಾತನ ಅಂಗಡಿ. ತಾತ ಕತ್ತಿಗೆ ಟೇಪು ಹಾಕಿಕೊಂಡು ಮಿಷನ್ ಮುಂದೆ ಬಗ್ಗಿ ಕೂತಿದ್ದರು. ಅಕ್ಕಪಕ್ಕದಲ್ಲಿ ಹೊಲಿಯದ ಯೂನಿಫಾರಂ ಬಟ್ಟೆಯ ರಾಶಿ.

“ಟೈಲರ್ ತಾತ,” ಎಂದಳು ಬಿಕ್ಕು.

“ತಾತ ತುಂಬ ಸುಲಭ,” ಎಂದು ರೇಡಿಯೋ ಅಂಗಿಯ ತೋಳು ಮಡಚಿದಳು.

ನಿಜಕ್ಕೂ ಸುಲಭವೇ. ಅಮ್ಮನಿಗೆ ಆಸ್ಪತ್ರೆಯ ಡ್ಯೂಟಿ ಮುಗಿದರೂ ಡ್ಯೂಟಿ ಮುಗಿಯುತ್ತಿರಲಿಲ್ಲ. ದಿನಾ ಸಂಜೆ ಇದೇ ಕುರ್ಚಿಯಲ್ಲಿ ಕೂತು, ಒಂಟಿಯಾಗಿರುವವರಿಗೆ, ಹುಷಾರು ತಪ್ಪಿ ಎದ್ದವರಿಗೆಲ್ಲ ಫೋನ್ ಮಾಡುತ್ತಿದ್ದಳು. ಪಾಪು ಹಾಲು ಕುಡಿಯಿತಾ, ಗಾಯ ಒಣಗಿತಾ, ಬೆಕ್ಕು ವಾಪಸ್ ಬಂತಾ. ಟೈಲರ್ ತಾತನಿಗೆ ಮಾತ್ರ ಒಂದು ಆಟ. “ಒಂದೇ ಉಸಿರಿಗೆ ಎಣಿಸಿ ತಾತ, ಎಲ್ಲಿವರೆಗೂ ಹೋಗುತ್ತೆ ನೋಡೋಣ.” ತಾತ ರೈಲಿನ ಹಾಗೆ ಎಣಿಸುತ್ತಿದ್ದರು. “ಇಪ್ಪತ್ತೆಂಟು, ಭೇಷ್,” ಎನ್ನುತ್ತಿದ್ದಳು ಅಮ್ಮ. ಊರಿನವರ ಜೊತೆ ಆಟ ಆಡಲು ಅಮ್ಮನಿಗೆ ಪುರುಸೊತ್ತಿತ್ತು. ಮಗಳ ಜೊತೆ ಕೇರಂ ಆಡಲು ಇರಲಿಲ್ಲ.

ಇವತ್ತು ಅಮ್ಮ ಪುರಸಭೆಯ ಮೀಟಿಂಗಿಗೆ ಹೋಗಿದ್ದಳು. ಆಸ್ಪತ್ರೆಯ ಹಿಂದಿನ ಚರಂಡಿ ಕಟ್ಟಿಕೊಂಡು ಸೊಳ್ಳೆಗಳ ಕಾರ್ಖಾನೆಯಾಗಿತ್ತು. ಅಮ್ಮ ಮನೆಮನೆ ತಿರುಗಿ ಜನ ಸೇರಿಸಿ, ಮತ್ತೆ ಮತ್ತೆ ಮುಂದಕ್ಕೆ ಹೋದ ಮೀಟಿಂಗನ್ನು ಇವತ್ತು ಹೇಗೋ ಹಿಡಿದು ನಿಲ್ಲಿಸಿದ್ದಳು. ಆ ಗಡಿಬಿಡಿಯಲ್ಲಿ ಚಾರ್ಜಿಗೆ ಹಾಕಿದ್ದ ಫೋನನ್ನು ಮನೆಯಲ್ಲೇ ಮರೆತು ಹೋಗಿದ್ದಳು.

ರೇಡಿಯೋ ನಂಬರ್ ಒತ್ತಿದಳು. ಕೆಳಗೆ ತಾತ ಫೋನ್ ನೋಡಿ, ಸ್ಪೀಕರಿಗೆ ಹಾಕಿ, ಮಿಷನ್ ಮೇಲೆ ಇಟ್ಟರು.

“ಹೇಳಿ ನರ್ಸಮ್ಮ.”

“ಏನ್ ತಾತ, ಮಿಷನ್ನಿಗೂ ಸ್ವಲ್ಪ ರೆಸ್ಟ್ ಕೊಡ್ತೀರೋ ಇಲ್ವೋ? ಹೇಗಿದೀರಿ?”

“ಚೆನ್ನಾಗಿದ್ದೀನಮ್ಮ, ಚೆನ್ನಾಗಿದ್ದೀನಿ.”

ನಂಬಿದ್ದಾರೆ. ಬಿಕ್ಕು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

“ಸರಿ, ಎಣಿಸಿ ಮತ್ತೆ. ಆದ್ರೆ ತಾತ, ಇವತ್ತಿಂದ ಹೊಸ ರೂಲ್ಸು. ಎದ್ದು ನಿಂತು, ಒಂದು ಕಾಲು ಮೇಲೆತ್ತಿ, ಒಂಟಿ ಕಾಲಲ್ಲಿ ಎಣಿಸಬೇಕು.”

“ಒಂಟಿ ಕಾಲಲ್ಲಾ?”

“ಹೂಂ. ರಕ್ತ ಚೆನ್ನಾಗಿ ಓಡಾಡುತ್ತೆ. ಎರಡು ಕಾಲಿನ ರಕ್ತ ಒಂದೇ ಕಾಲಿಗೆ ಸಿಗುತ್ತಲ್ಲ.”

ಇಂಥ ವೈದ್ಯಶಾಸ್ತ್ರವನ್ನು ಯಾವ ನರ್ಸೂ ಹೇಳುವುದಿಲ್ಲ. ಆದರೆ ಹೇಳಿದ್ದು ನರ್ಸಮ್ಮನ ದನಿ. ತಾತ ಮರುಮಾತಿಲ್ಲದೆ ಎದ್ದು, ಕಟಿಂಗ್ ಟೇಬಲ್ ಹಿಡಿದು ಎಡಗಾಲು ಎತ್ತಿದರು.

ಪಕ್ಕದ ಕಟಿಂಗ್ ಶಾಪಿನ ಕ್ಷೌರಿಕ ಬಾಗಿಲಿಗೆ ಬಂದ. “ಏನ್ ತಾತ, ಕೊಕ್ಕರೆ ಆಗ್ಬಿಟ್ರಿ?”

“ನರ್ಸಮ್ಮ ಹೇಳಿದಾರಯ್ಯ. ರಕ್ತಕ್ಕೆ ಒಳ್ಳೇದಂತೆ.”

ಅಷ್ಟು ಸಾಕಾಯಿತು. ಕ್ಷೌರಿಕ ಬಾಚಣಿಗೆಯನ್ನು ಜೇಬಿಗೆ ಸಿಕ್ಕಿಸಿ ಬಲಗಾಲು ಎತ್ತಿದ. ಅವನ ಹಿಂದೆ ಅರ್ಧ ಕೆನ್ನೆಗೆ ಸೋಪಿನ ನೊರೆ ಮೆತ್ತಿಕೊಂಡಿದ್ದ ಪೋಸ್ಟ್‌ಮ್ಯಾನ್ ಕೂಡ ಹೊರಗೆ ಬಂದು, “ನನಗೆ ಮಂಡಿ ನೋವಿದೆ, ಯಾವ ಕಾಲು ಎತ್ತಲಿ ಕೇಳಿ,” ಎಂದು ವಿಚಾರಿಸಿ, ಉತ್ತರಕ್ಕೆ ಕಾಯದೆ ಒಂದನ್ನು ಎತ್ತಿಯೇಬಿಟ್ಟ.

ಕೆಳಗೆ ಮೂರು ಜನ, ಮೂರು ಕಾಲು. ಬಿಕ್ಕುವಿಗೆ ಬಿಕ್ಕಳಿಕೆ ಹತ್ತಿಯೇಬಿಟ್ಟಿತು. ಅವಳು ದಿಂಬಿನಲ್ಲಿ ಮುಖ ಹುದುಗಿಸಿ ಮಂಚದ ಮೇಲೆ ಬಿದ್ದು ಹೊರಳಾಡಿದಳು. ರೇಡಿಯೋ ನಗು ನುಂಗಿ ಫೋನನ್ನು ಕಿವಿಗೆ ಒತ್ತಿ ಹಿಡಿದಳು.

“ಒಂದು, ಎರಡು, ಮೂರು,” ತಾತ ಶುರು ಮಾಡಿದರು. “ನಾಲ್ಕು, ಐದು… ಆರು… ಏಳು.”

ಏಳಕ್ಕೆ ಎಣಿಕೆ ನಿಂತಿತು. ಫೋನಿನೊಳಗೆ ಸುಂಯ್ ಎಂದು ಸಣ್ಣ ಸದ್ದು. ಗಾಳಿ ಹೋದ ಸೈಕಲ್ ಟ್ಯೂಬನ್ನು ಅದುಮಿದ ಹಾಗೆ.

“ಎಂಟು… ಒಂಬತ್ತು…” ಮತ್ತೆ ಸುಂಯ್. “ಹತ್ತು. ಹನ್ನೊಂದು. ಇವತ್ತು… ಇಷ್ಟೇ ಅಮ್ಮ. ಬಟ್ಟೆ ಧೂಳು ನೋಡಿ.”

ರೇಡಿಯೋಗೆ ನಗು ಮರೆತುಹೋಯಿತು. ಈ ಹೊತ್ತಿನಲ್ಲಿ ಅಮ್ಮ ಏನು ಹೇಳುತ್ತಾಳೆ? ಅಮ್ಮನ ಒಂದೊಂದು ಮಾತೂ ಅವಳಿಗೆ ಬಾಯಿಪಾಠ. ಆದರೆ ತಾತ ಎಣಿಸುವಾಗ ಅಮ್ಮ ಏನೂ ಹೇಳುತ್ತಿರಲಿಲ್ಲ. ಸುಮ್ಮನೆ ಕೂತಿರುತ್ತಿದ್ದಳು. ಆ ಸುಮ್ಮನಿರುವ ಭಾಗವನ್ನು ರೇಡಿಯೋ ಯಾವತ್ತೂ ಕಲಿತಿರಲಿಲ್ಲ.

“ತಾತ,” ಎಂದಳು ಅಮ್ಮನ ದನಿಯಲ್ಲೇ, “ಕಾಲು ಕೆಳಗಿಡಿ. ಕೂತ್ಕೊಳ್ಳಿ. ಏನೂ ಹೊಲಿಬೇಡಿ. ಈಗ ಬಂದೆ.”

ಫೋನ್ ಇಟ್ಟಳು. “ತಾತನಿಗೆ ಹುಷಾರಿಲ್ಲ ಕಣೇ. ಅಮ್ಮನಿಗೆ ಹೇಳಬೇಕು.”

“ಹುಚ್ಚಾ ನಿನಗೆ? ಹೇಗೆ ಗೊತ್ತಾಯ್ತು ಅಂತ ಕೇಳ್ತಾರೆ. ಸಿಕ್ಕಿಹಾಕ್ಕೋತೀವಿ,” ಎಂದಳು ಬಿಕ್ಕು ಬಿಕ್ಕಳಿಸುತ್ತಲೇ. “ಆಂಟಿ ರಾತ್ರಿ ಬಂದು ಹೇಗೂ ಫೋನ್ ಮಾಡ್ತಾರಲ್ಲ.”

ರೇಡಿಯೋ ಬಾಗಿಲಲ್ಲಿ ಒಂದು ಕ್ಷಣ ನಿಂತಳು. ಮೀಟಿಂಗ್ ಮಧ್ಯೆ ನುಗ್ಗಿದರೆ ಅಮ್ಮ ಅಷ್ಟು ದಿನ ತಿರುಗಿದ್ದೆಲ್ಲ ನೀರುಪಾಲು. ಮೇಲೆ ಬೈಗುಳ ಬೇರೆ. ಆದರೆ ಆ ಸುಂಯ್ ಇನ್ನೂ ಕಿವಿಯಲ್ಲೇ ಇತ್ತು. ಚಪ್ಪಲಿ ಎಡಬಲ ನೋಡದೆ ಮೆಟ್ಟಿ ಓಡಿದಳು.

ಪುರಸಭೆಯ ಸಭಾಂಗಣದಲ್ಲಿ ಅಮ್ಮ ಎದ್ದು ನಿಂತು ಮಾತಾಡುತ್ತಿದ್ದಳು. ಮುಂದೆ ಉದ್ದ ಮೇಜಿನ ಆಚೆ ಅಧ್ಯಕ್ಷರು ಗಡಿಯಾರ ನೋಡುತ್ತಿದ್ದರು. ಹಿಂದಿನ ಬೆಂಚುಗಳ ತುಂಬ ಆಸ್ಪತ್ರೆ ರಸ್ತೆಯ ಜನ.

“ಅಮ್ಮ.”

ಎಲ್ಲರೂ ತಿರುಗಿದರು. ರೇಡಿಯೋ ಅಮ್ಮನ ಹತ್ತಿರ ಹೋಗಿ, ಕಿವಿಯಲ್ಲಿ, ಒಂದೇ ಉಸಿರಿಗೆ, ಒಂಟಿ ಕಾಲನ್ನೂ ಬಿಡದೆ ಎಲ್ಲ ಹೇಳಿದಳು. ಬೈಗುಳಕ್ಕೆ ಭುಜ ಗಟ್ಟಿ ಮಾಡಿಕೊಂಡಳು.

ಅಮ್ಮ ಬೈಯಲಿಲ್ಲ. “ಎಲ್ಲಿವರೆಗೂ ಎಣಿಸಿದ್ರು?”

“ಹನ್ನೊಂದು.”

“ಮಧ್ಯೆ ನಿಂತ್ರಾ?”

“ಏಳಕ್ಕೊಂದ್ಸಲ, ಒಂಬತ್ತಕ್ಕೊಂದ್ಸಲ. ಸುಂಯ್ ಅಂತಿತ್ತು.” ಅವಳು ಆ ಸದ್ದು ಮಾಡಿ ತೋರಿಸಿದಳು. ಅಷ್ಟು ಚೆನ್ನಾಗಿ ಅವಳು ಯಾರನ್ನೂ ಅಣಕಿಸಿರಲಿಲ್ಲ. ಅದನ್ನು ಕೇಳಿದ್ದೇ ಅಮ್ಮ ಬ್ಯಾಗು ಎತ್ತಿಕೊಂಡಳು.

“ಸರ್, ಒಬ್ಬರಿಗೆ ಹುಷಾರಿಲ್ಲ. ಹೋಗಿ ಬರ್ತೀನಿ.”

“ಮತ್ತೆ ನಿಮ್ಮ ಚರಂಡಿ?” ಎಂದು ಅಧ್ಯಕ್ಷರು ಆಸೆಯಿಂದ ಫೈಲು ಮುಚ್ಚಿದರು.

“ಅದೆಲ್ಲಿಗೆ ಹೋಗುತ್ತೆ ಸರ್. ಹರಿದು ಹೋಗೋ ಹಾಗಿದ್ರೆ ನಾವ್ಯಾಕೆ ಇಲ್ಲಿಗೆ ಬರ್ತಿದ್ವಿ?”

ಇಡೀ ಸಭೆ ಗೊಳ್ಳೆಂದು ನಕ್ಕಿತು. ಹಿಂದಿನ ಬೆಂಚಿನಲ್ಲಿದ್ದ, ಹಾಲು ಮಾರುವ ಹೆಂಗಸು ಎದ್ದು, ಬಾಗಿಲ ಹತ್ತಿರ ಕುರ್ಚಿ ಎಳೆದುಕೊಂಡು ಕೂತಳು. “ನೀವು ಹೋಗಿ ಬನ್ನಿ ನರ್ಸಮ್ಮ. ಸಾಹೇಬ್ರನ್ನ ನಾನು ನೋಡ್ಕೋತೀನಿ.”

ಫೋನಿನಲ್ಲಿ ಹೇಳಿದಂತೆ ತಾತ ಅಂಗಡಿಯಲ್ಲಿ ಕೂತೇ ಇದ್ದರು. ತುಟಿಯ ಬಣ್ಣ ಸ್ವಲ್ಪ ಮಾಸಿತ್ತು. ಅಮ್ಮ ಅವರ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟಳು. “ಪಂಪು ಎಲ್ಲಿ ತಾತ?”

ದಮ್ಮಿಗೆ ಬಾಯಲ್ಲಿ ಎಳೆದುಕೊಳ್ಳುವ ಪಂಪು ಅದು. ತಾತ ತಲೆ ಕೆರೆದರು. “ಖಾಲಿ ಆಗಿತ್ತಮ್ಮ. ಈ ಯೂನಿಫಾರಂ ಮುಗಿಸಿ ತಗೊಳ್ಳೋಣ ಅಂತ…”

ಅಮ್ಮ ಆಟೋ ಕೂಗಿದಳು. ತಾತನನ್ನು ಹತ್ತಿಸಿ, ತಾನೂ ಹತ್ತುವ ಮುಂಚೆ ಮಗಳ ಕಡೆ ತಿರುಗಿದಳು. ರೇಡಿಯೋ ಮೆಲ್ಲಗೆ ಕೇಳಿದಳು, “ನಾನು ಒಂಟಿ ಕಾಲಲ್ಲಿ ನಿಲ್ಲಿಸಿದ್ದಕ್ಕೆ ಹೀಗಾಯ್ತಾ?”

“ಇಲ್ಲ. ಇದು ಬೆಳಗಿನಿಂದಲೇ ಇತ್ತು. ತಾತ ಯಾವಾಗ್ಲೂ ‘ಚೆನ್ನಾಗಿದ್ದೀನಿ’ ಅಂತಾನೇ ಹೇಳೋದು. ಅದಕ್ಕೇ ಎಣಿಸೋಕೆ ಹೇಳ್ತೀನಿ.” ಆಮೇಲೆ ಅಮ್ಮನ ದನಿ ಬಿಗಿಯಾಯಿತು. “ಆದ್ರೆ ಬಿದ್ದು ಸೊಂಟ ಮುರ್ಕೊಂಡಿದ್ರೆ? ನನ್ನ ಮಾತು ಅಂತ ಕಣ್ಣು ಮುಚ್ಚಿ ನಿಂತ್ರಲ್ಲ. ತಾತನಿಗೆ ವಿಷಯ ನೀನೇ ಹೇಳಬೇಕು. ನಿನ್ನ ದನೀಲಿ.”

ತಾತನನ್ನು ವಾರ್ಡಿಗೆ ಸೇರಿಸಿ ಅಮ್ಮ ಪುರಸಭೆಗೆ ವಾಪಸ್ಸಾದಾಗ ಅಧ್ಯಕ್ಷರು ಇನ್ನೂ ಕೂತಿದ್ದರಂತೆ. ಏಳಲು ಹಾಲಿನಾಕೆ ಬಿಟ್ಟಿರಲಿಲ್ಲ. ಮರುದಿನವೇ ಸನಿಕೆ ಹಿಡಿದ ಕೆಲಸಗಾರರು ಚರಂಡಿಗೆ ಇಳಿದರು.

ತಾತ ಎದ್ದು ಕೂರುವಷ್ಟಾದ ಮೇಲೆ, ಶಾಲೆ ಬಿಟ್ಟ ಕೂಡಲೇ ರೇಡಿಯೋ ವಾರ್ಡಿಗೆ ಹೋದಳು. ಬಿಕ್ಕು ಬಾಗಿಲ ಮರೆಯಲ್ಲೇ ಉಳಿದಳು. ಕ್ಷೌರಿಕ ತಾತನಿಗೆ ಶೇವಿಂಗ್ ಮಾಡಲು ಬಂದಿದ್ದ. ಆಚೆ ಮಂಚದ ಹತ್ತಿರ ಅಮ್ಮ ಯಾರದೋ ಜ್ವರ ನೋಡುತ್ತಿದ್ದಳು.

“ತಾತ, ಅವತ್ತು ಒಂಟಿ ಕಾಲಲ್ಲಿ ನಿಲ್ಲಿ ಅಂದಿದ್ದು ಅಮ್ಮ ಅಲ್ಲ. ನಾನು. ಅಮ್ಮನ ಹಾಗೆ ಮಾತಾಡಿದೆ. ತಪ್ಪಾಯ್ತು.”

ತನ್ನದೇ ದನಿ ಇಷ್ಟು ಸಣ್ಣದು ಎಂದು ಅವಳಿಗೆ ಗೊತ್ತಿರಲಿಲ್ಲ.

ತಾತ ಅವಳನ್ನೇ ನೋಡಿದರು. ಕ್ಷೌರಿಕನ ಕತ್ತಿ ಗಾಳಿಯಲ್ಲೇ ನಿಂತಿತು.

“ಅಂದ್ರೆ,” ಎಂದ ಕ್ಷೌರಿಕ, “ನಾನು ನಡುರಸ್ತೇಲಿ ಗಿರಾಕಿ ಮುಂದೆ ಕಾಲೆತ್ತಿಕೊಂಡು ನಿಂತಿದ್ದು ಸುಮ್ಸುಮ್ನೆ? ನಂದು ಹೋಗ್ಲಿ ಅಂದ್ರೆ, ಆ ಪೋಸ್ಟ್‌ಮ್ಯಾನು ಈಗ್ಲೂ ದಿನಾ ಎರಡು ಹೊತ್ತು ನಿಂತ್ಕೋತಿದಾನಲ್ಲಮ್ಮ. ಮಂಡಿ ನೋವು ಮಾಯ ಅಂತ ಕಾಗದದ ಜೊತೆ ಮನೆಮನೆಗೂ ಹಂಚ್ತಿದಾನೆ.”

ತಾತನ ಭುಜ ಅಲ್ಲಾಡಿತು. ನಗು ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಲ್ಲಿ. “ಎರಡು… ಹೊತ್ತಾ?” ಎಂದವರೇ ಮಂಚದ ಕಂಬಿ ಹಿಡಿದು ನಗತೊಡಗಿದರು. ಕ್ಷೌರಿಕ ಮುಖ ಗಂಟು ಹಾಕಲು ನೋಡಿ ಸೋತ. ಎದುರು ಮಂಚದವರು, ಅವರನ್ನು ನೋಡಲು ಬಂದವರು, ಬಾಗಿಲ ಮರೆಯಲ್ಲಿ ಬಿಕ್ಕಳಿಸುತ್ತಿದ್ದವಳು, ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ತಾತನೇ.

ರೇಡಿಯೋ ಮಾತ್ರ ತಕ್ಷಣ ನಗಲಿಲ್ಲ. ಸುಮ್ಮನೆ ನಿಂತು ಕೇಳಿದಳು. ಆಚೆ ಮಂಚದ ಹತ್ತಿರ ಅಮ್ಮನ ಕೈಯೂ ನಿಂತಿತ್ತು. ತಾತನ ನಗು ಎಲ್ಲೂ ತುಂಡಾಗಲಿಲ್ಲ. ಸುಂಯ್ ಎನ್ನಲಿಲ್ಲ. ಅಂಗಡಿಯ ಮಿಷನ್ನಿನ ಹಾಗೆ ಒಂದೇ ಸಮನೆ ಹೋಗುತ್ತಲೇ ಇತ್ತು.