ಏಳನೆಯ ಸೀಸೆ

“ಏಳನೇದು ಬೇಡ,” ಎಂದೆ ಮೂರನೆಯ ಬಾರಿ. “ಇದಕ್ಕೆ ವಾಸನೆಯೇ ಇಲ್ಲ.”

ಅವನ ಮುಖ ಸಣ್ಣದಾಯಿತು. ಸುಗಂಧ ತಯಾರಿಸುವವನು ಅವನು. ನಮ್ಮಕ್ಕ ಇಟ್ಟ ಹೆಸರು ಮೂಗಪ್ಪ. ಇಪ್ಪತ್ತು ವರ್ಷ ಪಾಪ್ ಹಾಡು ಹಾಡಿದ ಮೇಲೆ ನನ್ನ ಹೆಸರಿನಲ್ಲೊಂದು ಸೆಂಟ್ ತರುವ ಹುಚ್ಚು ನನಗೆ ಹತ್ತಿತ್ತು. ಮೂರು ವಾರದಿಂದ ಅವನ ಲ್ಯಾಬಿನಲ್ಲಿ ಎದುರುಬದುರು ಕೂತು ಕಾಗದದ ಪಟ್ಟಿಗಳನ್ನು ಮೂಸುತ್ತಿದ್ದೆವು. ಇವತ್ತು ನಾಲ್ಕು ಗಂಟೆಗೆ ಕಂಪನಿಯವರು ಬಂದು ಆರಿಸಿದ್ದನ್ನು ಒಯ್ಯುತ್ತಾರೆ. ನಾಳೆ ಅವನು ಬೇರೆ ಊರಿನ ಕೆಲಸಕ್ಕೆ. ನಲವತ್ತೆರಡರಲ್ಲಿ ಎದೆ ಹೀಗೆ ಡವಡವ ಅನ್ನಬಾರದು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಎದೆ ಕೇಳುತ್ತಿರಲಿಲ್ಲ.

“ಮೇಡಂ, ಬಾಯಲ್ಲೇನಿದೆ?”

“ಗಂಟಲಿನ ಮಾತ್ರೆ, ಪುದೀನದ್ದು. ಹಾಡೋರಿಗೆ ಅಭ್ಯಾಸ. ಯಾವಾಗ್ಲೂ ಇರುತ್ತೆ.”

“ಮೂರು ವಾರದಿಂದಲೂ?”

ತಲೆಯಾಡಿಸಿದೆ. ಅವನು ಹಣೆ ಚಚ್ಚಿಕೊಂಡು ನಕ್ಕ. “ಪುದೀನ ಚೀಪ್ತಾ ಸೆಂಟ್ ಆರಿಸೋರನ್ನ ಇದೇ ಮೊದ್ಲು ನೋಡ್ತಿರೋದು! ಏಳನೇದು ತೆಳು ವಾಸನೆ, ಪುದೀನ ನುಂಗಿಬಿಡುತ್ತೆ. ಉಗೀರಿ, ಉಗೀರಿ!”

ಬಾಯಿ ಮುಕ್ಕಳಿಸಿ, ಬಿಸಿನೀರು ಕುಡಿದು ಅರ್ಧ ಗಂಟೆ ಕಾದೆವು. ಒಂದರಿಂದ ಆರರವರೆಗೆ ಮತ್ತೆ ಮೂಸಿದೆ. ಎರಡನೆಯದು ಸ್ಟೇಜಿನ ಚಪ್ಪಾಳೆಯ ಹಾಗೆ ಜೋರಾಗಿತ್ತು.

“ಈಗ ನಿಮ್ಮ ತೋಳು ಮೂಸಿ. ಮೂಗು ದಣಿದ್ರೆ ನಾವು ಹಾಗೇ ಮಾಡೋದು.”

“ಬೆಳಿಗ್ಗೆ ಶೂಟಿಂಗ್ ಇತ್ತು. ಮೈಯೆಲ್ಲ ಹೇರ್‌ಸ್ಪ್ರೇ.”

ಅವನು ತನ್ನ ಅಂಗಿಯ ತೋಳು ಮಡಚಿ, ಕೈ ಚಾಚಿ, ಗಂಭೀರವಾಗಿ ಗೋಡೆ ನೋಡುತ್ತಾ ನಿಂತ. ಕಿವಿ ಮಾತ್ರ ಕೆಂಪಗಾಗಿತ್ತು. ನಾನು ಬಗ್ಗಿದೆ. ಸೋಪು, ಇಸ್ತ್ರಿಯ ಬಿಸಿ. ಬೇಕಾದದ್ದಕ್ಕಿಂತ ಒಂದು ಉಸಿರು ಹೆಚ್ಚೇ ನಿಂತೆ.

ಬಾಗಿಲು ತೆರೆಯಿತು. ಅಕ್ಕ, ನನ್ನ ಮ್ಯಾನೇಜರೂ ಅವಳೇ. “ಇದೂ ಕಾಂಟ್ರಾಕ್ಟ್‌ನಲ್ಲಿ ಇದ್ಯೇನೇ?” ಎಂದವಳೇ ಬಾಗಿಲೆಳೆದುಕೊಂಡು ಹೋದಳು.

ಏಳನೆಯ ಪಟ್ಟಿ ಎತ್ತಿದೆ. ಮಿಂದ ಕೂದಲು, ಆಗತಾನೇ ಸುಲಿದ ಕಿತ್ತಳೆ, ಬಿಸಿಲಿಗೆ ಕಾದ ಮರ. ಸ್ಟೇಜಿನ ಮೇಲಿನವಳಲ್ಲ, ಕೂದಲಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಈ ಕುರ್ಚಿಯಲ್ಲಿ ಕಿತ್ತಳೆ ತಿನ್ನುವ ನಾನು. ಯಾರೂ ನನ್ನನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ.

“ಉಳಿದ ಆರೂ ನಿಮ್ಮ ಅಭಿಮಾನಿಗಳಿಗೆ,” ಎಂದ, ನೆಲ ನೋಡುತ್ತಾ. “ಇದು ನನ್ನ ಮಾತು. ಬಾಯಲ್ಲಿ ಹೇಳೋಕೆ ಬರಲ್ಲ ನಂಗೆ. ಎರಡನೇ ಸಲಾನೂ ಬೇಡ ಅಂದ್ರಲ್ಲ, ಅವತ್ತೇ ಆ ಊರಿನ ಕೆಲಸಕ್ಕೆ ಒಪ್ಕೊಂಡೆ.”

“ಕಂಪನಿಗೆ ಎರಡನೇದು ಕೊಡಿ. ಇದು ಮಾರಾಟಕ್ಕಿಲ್ಲ.”

“ಹಾಗಾದ್ರೆ... ಅಲ್ಲಿಗೆ ಫೋನ್ ಮಾಡ್ಲಾ? ಬರೋದು ತಡ ಆಗುತ್ತೆ ಅಂತ?”

ಸಾವಿರಾರು ಜನರ ಮುಂದೆ ನಡುಗದ ದನಿ ಒಬ್ಬನ ಮುಂದೆ ಕೈಕೊಟ್ಟಿತು. ಪಿಸುಗುಟ್ಟಿದೆ: “ಬರೋದೇ ಇಲ್ಲ ಅನ್ನು.”

ಬಾಗಿಲಾಚೆ ಕಿವಿಯಿಟ್ಟು ನಿಂತಿದ್ದ ಅಕ್ಕ ಕೂಗಿದಳು: “ಬೇಗ ಹೂಂ ಅನ್ನಪ್ಪಾ! ಕಂಪನಿಯವರು ಮೆಟ್ಟಿಲು ಹತ್ತುತ್ತಾ ಇದಾರೆ!”

ಅವನು ಫೋನ್ ತೆಗೆದು ನಂಬರ್ ಎರಡು ಸಲ ತಪ್ಪು ಒತ್ತಿದ. ಫೋನ್ ಕಸಿದುಕೊಂಡೆ. ಅವನು ಒಂದೊಂದೇ ಅಂಕಿ ಹೇಳಿದ, ನಾನು ಒತ್ತಿದೆ.